ಮನೆಗಿಂತ ಮೊದಲು ಹಾದಿ ತೋರಿಸಿದ ಸೋದರತ್ತೆ

ಹೋದ ವಾರ ಬೀದರಿನ ಚೌಬಾರ ಗೋಪುರದ ಹತ್ತಿರ ಚಪ್ಪಲಿ ಹೊಲಿಯುವವನ ಮುಂದೆ ನಿಂತಿದ್ದೆ. ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಅವನು ಕೈಯಲ್ಲಿದ್ದ ಕೆಲಸ ಮುಗಿಸದೆ ನನ್ನ ಕಡೆ ನೋಡುವ ಹಾಗೆ ಕಾಣಲಿಲ್ಲ. ಯಾರದೋ ಹಳೆಯ ತೊಗಲಿನ ಮೆಟ್ಟಿಗೆ ಬಟ್ಟೆಯ ತುಂಡಿನಿಂದ ಔಡಲ ಎಣ್ಣೆ ತಿಕ್ಕುತ್ತಿದ್ದ. ಆ ವಾಸನೆ ಬಂದದ್ದೇ ತಡ, ಸೋದರತ್ತೆ ಎದುರಿಗೆ ಬಂದು ನಿಂತಂತಾಯಿತು. ಅವರ ಮೆಟ್ಟಿನಿಂದ ಸದಾ ಇದೇ ವಾಸನೆ ಬರುತ್ತಿತ್ತು. ಓಣಿಯ ತಿರುವಿನಲ್ಲಿ ಮೊದಲು ಎಣ್ಣೆಯ ವಾಸನೆ, ಅದರ ಹಿಂದೆ ಅವರ ದನಿ, ಆಮೇಲೆ ಅವರು. ದನಿಯೂ ಸಣ್ಣದಲ್ಲ ಬಿಡಿ. ಕೋಟೆಯ ಮೇಲೆ ನಿಂತು ಕೂಗಿದರೆ ಹರದಾರಿಗಳಾಚೆಯ ಜನವಾಡದಲ್ಲಿ ಕೇಳಿಸೀತು ಎಂದು ನಮ್ಮ ಮಂದಿ ನಗುತ್ತಿದ್ದರು.

ಅವರು ನನ್ನ ಮಾವನ ಅಕ್ಕ. ನನ್ನ ಗಂಡನಿಗೆ ಸೋದರತ್ತೆ. ನಾನೂ ಹಾಗೆಯೇ ಕರೆದೆ, ಆಮೇಲೆ ಅರ್ಧ ಊರೇ ಹಾಗೆ ಕರೆಯಿತು. ಔರಾದಿಗೆ ಕೊಟ್ಟಿದ್ದ ಹೆಣ್ಣುಮಗಳು. ಗಂಡ ತೀರಿದ ಮೇಲೆ ಬೀದರಿಗೆ ಬಂದು, ಕೋಟೆಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ನೆಲೆಯಾಗಿದ್ದರು. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮೇಲಿನ ದಿನಗಳವು. ಹೊಸ ಕಚೇರಿಗಳು, ಹೊಸ ಹುಕುಂಗಳು. ಭಾಲ್ಕಿ, ಔರಾದು, ಸಂತಪುರದ ಕಡೆಯಿಂದ ನೌಕರಿ ಸಿಕ್ಕವರು ಟ್ರಂಕು ಹೊತ್ತು ಬೀದರಿಗೆ ಬರುತ್ತಿದ್ದರು. ಇನ್ನೊಂದು ಕಡೆ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಅಂಜಿ ಹೈದರಾಬಾದಿಗೆ ಹೋದವರಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಬರಲೇ ಇಲ್ಲ. ಯಾವ ಮನೆ ಖಾಲಿ, ಯಾವುದರ ಭಾವಿ ಉಪ್ಪು, ಯಾವುದರ ಮಾಳಿಗೆ ಸೋರುತ್ತದೆ ಎಂಬುದೆಲ್ಲ ಸೋದರತ್ತೆಯ ನಾಲಗೆಯ ತುದಿಯಲ್ಲಿತ್ತು. ಬಂದವರು ಮೊದಲು ಅವರ ಕಟ್ಟೆಗೆ ಬಂದು ಕೂಡುತ್ತಿದ್ದರು.

ಮನೆ ಹುಡುಕಿಕೊಟ್ಟದ್ದಕ್ಕೆ ಅವರು ಹಣ ಮುಟ್ಟಿದವರಲ್ಲ. ಆದರೆ ಹಾಲು ಉಕ್ಕಿಸಿದ ದಿನ ಹೋಳಿಗೆ ಊಟಕ್ಕೆ ಕರೆಯಲೇಬೇಕು, ಕರೆದು ಎಲ್ಲರ ಎದುರಿಗೆ ಹೊಗಳಲೂ ಬೇಕು. ಹೊಗಳಿಕೆ ಸಾಲದೆ ಬಿದ್ದರೆ ತಾವೇ ಎತ್ತಿ ಹೇಳಿಕೊಳ್ಳುತ್ತಿದ್ದರು. ಸಂಕೋಚ ಎಂಬುದು ಅವರ ಮೈಮೇಲೆ ಎಳ್ಳಷ್ಟೂ ಇರಲಿಲ್ಲ.

ಅವರದೊಂದು ಕಟ್ಟುನಿಟ್ಟಿನ ರೀತಿ ಇತ್ತು. ಮನೆಯ ಬೀಗವನ್ನು ಮೊದಲು ತೆಗೆಯುತ್ತಿರಲಿಲ್ಲ. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬೆನ್ನು ಮಾಡಿ ನಿಲ್ಲುವರು. ಮನೆ ಕೇಳಿದವರು ಆ ಹೊಸ್ತಿಲಿನಿಂದ ತಮ್ಮ ಕೆಲಸದ ಜಾಗಕ್ಕೆ ಹೋಗಿ ಬರಬೇಕು. ಕೆಲಸಕ್ಕೆ ಹೋಗುವ ಹೊತ್ತಿಗೇ ಹೋಗಬೇಕು, ದಿನಾ ಏನು ಹೊತ್ತೊಯ್ಯುತ್ತಾರೋ ಅದನ್ನು ಹೊತ್ತೇ ಹೋಗಬೇಕು.

"ಮನಿ ಎಲ್ಲಿಗೂ ಓಡಿ ಹೋಗಂಗಿಲ್ರಿ. ಓಡವ್ರು ನೀವು. ಅದಕ್ಕ ಮೊದಲ ಹಾದಿ ನೋಡ್ರಿ" ಎನ್ನುವರು. ಯಾರಾದರೂ ತಡೆಯಲಾರದೆ ಇಣುಕಿದರೆ ಗದರುವರು. "ಕಿಡಕಿದಾಗ ಹಣಿಕಿ ಹಾಕಬ್ಯಾಡ್ರಿ! ಕಣ್ಣಿಗಿ ಮನಿ ಚಂದ ಕಂಡಿತಂದ್ರ ಆಮ್ಯಾಲ ಕಾಲಿನ ಮಾತು ಯಾರೂ ಕೇಳಂಗಿಲ್ಲ."

ಭಾಲ್ಕಿಯಿಂದ ಬಂದ ಕಚೇರಿಯ ಗುಮಾಸ್ತನೊಬ್ಬ ಊರ ಹೊರಗಿನ ಮನೆಯ ಬಾಡಿಗೆ ಅಗ್ಗವೆಂದು ಹಿಗ್ಗಿದ್ದ. "ಕಿರಾಯಾ ಕಮ್ಮಿ ಅಂತ ಕುಣಿಬ್ಯಾಡ್ರಿ ಸಾಹೇಬರ. ಉಳಿಸಿದ್ದೆಲ್ಲಾ ಟಾಂಗಾದವನ ಕುದರಿ ತಿಂತದ" ಎಂದರು. ಅವನು ಟಾಂಗಾ ಯಾಕೆ, ನಡೆಯುತ್ತೇನೆ ಎಂದ. ಹಾಗಾದರೆ ನಡೆಯಿರಿ ಎಂದು ಬೇಸಿಗೆಯ ನಡುಮಧ್ಯಾಹ್ನ ಕಳಿಸಿದರು. ಪಾಪ, ಹೋದವನು ಕೊಡೆ ಹಿಡಿದುಕೊಂಡು ಟಾಂಗಾದಲ್ಲೇ ತಿರುಗಿ ಬಂದ.

ಅವರು ಎಡವಿದ್ದೂ ಉಂಟು. ಒಬ್ಬ ದರ್ಜಿಗೆ ಅವನ ಅಂಗಡಿಯ ಹಿಂದೆಯೇ ಮನೆ ಕೊಡಿಸಿದರು. ಹೊತ್ತಿಲ್ಲ ಗೊತ್ತಿಲ್ಲ, ಗಿರಾಕಿಗಳು ಅವನು ಉಣ್ಣುವಾಗಲೂ ಬಾಗಿಲು ಬಡಿಯತೊಡಗಿದರು. ಅವನು ಬಂದು ಕೂಗಾಡಿದ. "ಕದಾ ಹಾಕ್ಕೊಂಡು ಉಣ್ಣಪ್ಪಾ, ಅದೂ ನಾನೇ ಹೇಳಬೇಕೇನು?" ಎಂದರೇ ಹೊರತು ತಪ್ಪಾಯಿತು ಎನ್ನಲಿಲ್ಲ. ಆದರೆ ಅಂದಿನಿಂದ, ತೀರ ಹತ್ತಿರವೂ ಒಂದು ರೋಗವೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಇನ್ನು ನನ್ನ ಕಥೆಗೆ ಬರುತ್ತೇನೆ. ನಾನು ಭಾಲ್ಕಿಯವಳು. ನಿಜಾಮರ ಕಾಲದಲ್ಲಿ ಸಾಲೆಯಲ್ಲಿ ಉರ್ದು ಕಲಿತೆ, ಮನೆಯಲ್ಲಿ ಅಪ್ಪ ಹಟ ಹಿಡಿದು ಕನ್ನಡ ಕಲಿಸಿದ. ಇದರಿಂದ ಏನು ಫಾಯದಾ ಎಂದು ನೆರೆಹೊರೆಯವರು ಕೇಳುತ್ತಿದ್ದರು. ಫಾಯದಾ ಪೊಲೀಸ್ ಆ್ಯಕ್ಷನ್ ಆದ ಮೇಲೆ ಬಂತು. ಬೀದರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಕನ್ನಡ ವರ್ಗ ಶುರುವಾಯಿತು, ಕಲಿಸಲು ಹೆಣ್ಣುಮಕ್ಕಳೇ ಸಿಗುತ್ತಿರಲಿಲ್ಲ. ನನ್ನನ್ನು ಕರೆದರು. ನನಗಾಗ ಮದುವೆಯಾಗಿತ್ತು, ಮಡಿಲಲ್ಲಿ ಮೊಲೆ ಕುಡಿಯುವ ಹೆಣ್ಣು ಕೂಸು. ಗಂಡ ಭಾಲ್ಕಿಯ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದ. ಬೀದರಿನಲ್ಲಿ ಮನೆ ಮಾಡಿದರೆ ಅವನು ದಿನಾ ರೈಲಿನಲ್ಲಿ ಭಾಲ್ಕಿಗೆ ಹೋಗಿ ಬರಬೇಕು. ಅವನು ಒಪ್ಪಿದ. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದರೆ... ಈಗಿನ ಹುಡುಗಿಯರಿಗೆ ಹೇಳಿದರೆ ತಿಳಿಯಲಿಕ್ಕಿಲ್ಲ. ನಮ್ಮ ಎರಡೂ ಮನೆತನದಲ್ಲಿ ಹೊರಗೆ ಹೋಗಿ ನಾಲ್ಕು ಅಕ್ಷರ ಕಲಿಸಿದ ಹೆಣ್ಣು ಅದುವರೆಗೆ ಒಬ್ಬಳೂ ಇರಲಿಲ್ಲ.

ಮಾವ ಸಂತಪುರದವರು, ಕುರಿ ಸಾಕಿದವರು. ಕಂಬಳಿ ಹೆಗಲಿಗೆ ಹಾಕಿ ಹೊರಟರೆ ಹೊತ್ತು ಮುಳುಗುವವರೆಗೆ ನಡೆಯುವ ಮನುಷ್ಯ. ನೌಕರಿಗೆ ಅವರು ಅಡ್ಡ ಬರಲಿಲ್ಲ, ಆದರೆ ಒಂದು ಮಾತು ಹೇಳಿದರು. "ಸಾಲಿ ಮಾಡು, ಬ್ಯಾಡ ಅನ್ನಲ್ಲ. ಸಾಲಿ, ಕೂಸು ಎರಡೂ ನೀಗಲಿಲ್ಲಂದ್ರ ಮಾತ್ರ ಸಾಲಿ ಬಿಡಬೇಕು." ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಮನೆಯನ್ನು ಮಾವನೇ ನೋಡಿದರು. ರೈಲ್ವೆ ಸ್ಟೇಷನ್ನಿನ ಆಚೆ, ದೊಡ್ಡ ಅಂಗಳ, ಸಿಹಿನೀರಿನ ಭಾವಿ, ನೂರು ಕುರಿ ನಿಲ್ಲುವಷ್ಟು ಹಿತ್ತಲು. ಮನೆಯ ಯಜಮಾನರು ಹೈದರಾಬಾದು ಸೇರಿದ್ದರು. ಮಾರಾಟಕ್ಕೆ ತಮ್ಮ ಮುನೀಮನನ್ನು ಬಿಟ್ಟಿದ್ದರು. ಬೆಲೆ ಬಹಳ ಕಡಿಮೆ. ಆ ಕಡಿಮೆಯಲ್ಲಿ ಹೋದವರ ಅಂಜಿಕೆಯೂ ಸೇರಿತ್ತೆಂದು ನನಗೆ ಆಗಲೂ ಅನಿಸಿತ್ತು. ಮಾವನಿಗೆ ಮಾತ್ರ ಹಿತ್ತಲು ಕಂಡೇ ಹಬ್ಬವಾಗಿತ್ತು. ಮಗ ರೈಲಿನಿಂದ ಇಳಿದರೆ ಮನೆಯೇ ಎಂದು ಎಲ್ಲರಿಗೂ ಹೇಳಿ ಬಂದರು.

ಸೋದರತ್ತೆ ಕೇಳಿದ್ದು ಒಂದೇ. "ತಮ್ಮಾ, ಮಗನ ಹಾದಿ ನೋಡ್ದಿ. ಸೊಸಿ ಹಾದಿ ಯಾರು ನೋಡ್ದ್ರು?"

ಸಾಲೆ ಇದ್ದದ್ದು ಊರ ಒಳಗೆ, ಊರ ಸುತ್ತಿನ ಹಳೆಯ ಗೋಡೆ ದಾಟಿ, ಬಜಾರು ಹಾದು. ನಡುಹೊತ್ತಿನ ಬಿಡುವಿನಲ್ಲಿ ಕೂಸಿಗೆ ಹಾಲು ಕೊಡಬೇಕು. ನಾನು ಮನೆಗೆ ಹೋಗಬೇಕು, ಇಲ್ಲವೇ ಕೂಸು ಸಾಲೆಗೆ ಬರಬೇಕು. ಮನೆಯಲ್ಲಿ ಕೂಸಿನೊಡನೆ ಇರುವ ನಮ್ಮ ಅತ್ತೆಗೆ ಕಣ್ಣು ಮಂಜು. ಕೂಸನ್ನು ಎತ್ತಿಕೊಂಡು ಬಜಾರು ಹಾಯುವುದು ಅವರಿಂದ ಆಗದ ಮಾತು. ಆಡಿನ ಹಾಲು ಹಾಕಿದರೆ ನನ್ನ ಮಗಳು ಉಗುಳುತ್ತಿದ್ದಳು.

"ಅದೇನ್ ದೊಡ್ಡ ಮಾತು? ನಾ ಎತ್ಕೊಂಡು ಹೋಗ್ತೇನಿ ದಿನಾ" ಎಂದರು ಮಾವ. "ಕುರಿ ಹಿಂದ ತಿರಗವಂಗ ಇದೂ ಒಂದು ಹಾದೀನಾ?"

ಸೋದರತ್ತೆ ಮುನೀಮನಿಂದ ಒಂದು ವಾರಕ್ಕೆ ಕೀಲಿಕೈ ಇಸಿದುಕೊಂಡರು. ಕೊಳ್ಳುವ ಮೊದಲು ಅಲ್ಲಿ ಇದ್ದು ನೋಡಿ, ಆಮೇಲೆ ನಿಮ್ಮಿಷ್ಟ ಎಂದರು. ಎರಡು ಹಾಸಿಗೆ, ನಾಲ್ಕು ಪಾತ್ರೆ ತೆಗೆದುಕೊಂಡು ಹೋಗಿ ಇಳಿದೆವು.

ಸೋಮವಾರ ಬಿಡುವಿನ ಗಂಟೆ ಬಾರಿಸುವ ಮುಂಚೆಯೇ ಮಾವ ಸಾಲೆಯ ಗೇಟಿನಲ್ಲಿದ್ದರು. ತಲೆಗೆ ಕೆಂಪು ರುಮಾಲು, ಕಂಬಳಿಯ ಮಡಿಕೆಯೊಳಗೆ ಕೂಸು. ಬೆವರು ಕೂಡ ಬಂದಿರಲಿಲ್ಲ. ನಾನು ಬೇವಿನ ಗಿಡದ ಹಿಂದೆ ಕೂತು ಹಾಲು ಕೊಟ್ಟೆ, ಅವರು ಎತ್ತಿಕೊಂಡು ಹೋದರು. ಮಂಗಳವಾರ, ಬುಧವಾರ, ಗುರುವಾರವೂ ಹಾಗೆಯೇ. ಬಜಾರಿನವರು ನಗೆಯಾಡಿದರೆ ಇವರೂ ನಗುವರು. ಸಾಲೆಯ ಹುಡುಗಿಯರು "ಮುತ್ಯಾ ಬಂದ, ಮುತ್ಯಾ ಬಂದ" ಎಂದು ಓಡಿ ಬಂದು ಹೇಳುವರು. ಗೆಲುವು ಮಾವನದೇ ಎಂದು ಸೋದರತ್ತೆಗೂ ಅನಿಸಿರಬೇಕು. ಗುರುವಾರ ಅವರ ಕಟ್ಟೆಯ ಮುಂದೆ ಮಾವ ಮೀಸೆ ತಿರುವುತ್ತ ಹಾದುಹೋದರೆ, ಸೋದರತ್ತೆ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೂತಿದ್ದರಂತೆ. ನನಗೂ ಸಮಾಧಾನವಾಗತೊಡಗಿತ್ತು. ಹಿತ್ತಲು ನನಗೇನು ಬೇಡವಾಗಿತ್ತೇ?

ಗುರುವಾರ ಸಂಜೆ ಮಾವ ಸಂತಪುರದ ಬಸ್ಸು ಹತ್ತಿದರು. ಕುರಿಗಳನ್ನು ನೋಡಿಕೊಂಡು ಮರುದಿನ ಸಂಜೆ ಬರುತ್ತೇನೆಂದು ಅತ್ತೆಗೆ ಹೇಳಿದರಂತೆ. ಅತ್ತೆಯೂ ಆಗಲಿ ಎಂದರು. ನನಗೆ ಯಾರೂ ಹೇಳಲಿಲ್ಲ. ರಾತ್ರಿಯೂ ಬೆಳಿಗ್ಗೆಯೂ ಕಾಣಲಿಲ್ಲವಾದರೂ, ಅಕ್ಕನ ಮನೆಯಲ್ಲಿ ಉಳಿದಿರಬೇಕೆಂದು ನಾನು ಸಾಲೆಗೆ ನಡೆದೆ.

ಶುಕ್ರವಾರ ಬಿಡುವಿನ ಗಂಟೆ ಬಾರಿಸಿತು. ಗೇಟಿನಲ್ಲಿ ಮಾವ ಇರಲಿಲ್ಲ. ಈಗ ಬಂದಾರು, ಇನ್ನೇನು ಬಂದಾರು ಎಂದು ಬಜಾರಿನ ಕಡೆ ನೋಡುತ್ತ ನಿಂತೆ. ಎದೆ ಬಿಗಿದು ಕುಪ್ಪಸ ತೊಯ್ಯಿತು. ಕೂಸಿಗೆ ಏನೋ ಆಗಿದೆ ಎಂದು ಜೀವ ಹಾರಿತು. ಸೆರಗು ಹೊದ್ದುಕೊಂಡು ಓಡಿದೆ. ಬಜಾರು, ಗೋಡೆ, ಸ್ಟೇಷನ್ನಿನ ಹಾದಿ... ಬಿಸಿಲಿನಲ್ಲಿ ಆ ಹಾದಿ ಮುಗಿಯಲೇ ಇಲ್ಲ. ಟಾಂಗಾ ಒಂದೂ ಕಾಣಲಿಲ್ಲ. ಎಲ್ಲವೂ ನಮಾಜಿನ ಹೊತ್ತಿಗೆ ಮಸೀದಿಯ ಕಡೆ ಹೋಗಿದ್ದವು. ಮನೆಗೆ ಹೋಗಿ ನೋಡಿದರೆ ಕೂಸು ಅತ್ತು ಅತ್ತು ದನಿ ಬಿದ್ದು, ಬಾಯಿ ತೆರೆದರೂ ಸದ್ದು ಬರದಂತಾಗಿತ್ತು. ಅತ್ತೆ ಅದನ್ನು ಮಡಿಲಲ್ಲಿ ಹಾಕಿಕೊಂಡು ತಾವೂ ಅಳುತ್ತಿದ್ದರು. ಹಾಲು ಕೊಟ್ಟು ತಿರುಗಿ ಸಾಲೆ ಮುಟ್ಟುವಾಗ ನನ್ನ ವರ್ಗದ ಹುಡುಗಿಯರು ಮಾಸ್ತರಿಲ್ಲದೆ ಗದ್ದಲ ಹಾಕಿ ಬಹಳ ಹೊತ್ತಾಗಿತ್ತು.

ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. ಒಳಗೆ ಕರೆದು ನೀರು ಕೊಟ್ಟರು. ಆಮೇಲೆ, "ಇನ್ನೊಮ್ಮೆ ಹೀಗಾದರೆ ನಾನು ಮೇಲಿನವರಿಗೆ ಬರೆಯಬೇಕಾಗುತ್ತದೆ ಬಾಯಿಯವರೇ, ತಿಳಿದುಕೊಳ್ಳಿ" ಎಂದರು. ತಿಳಿದುಕೊಂಡೆ.

ಸಂಜೆ ಸೋದರತ್ತೆಗೆ ಸುದ್ದಿ ಮುಟ್ಟಿ ಅವರು ಆ ಮನೆಗೆ ಬಂದರು. ಅವರ ಹಿಂದೆಯೇ ಮಾವ, ಕೈಯಲ್ಲಿ ಮೊಸರಿನ ಗಡಿಗೆ, ಮುಖದ ತುಂಬ ನಗೆ. ನಮ್ಮ ಮುಖ ನೋಡಿ ಬಾಗಿಲಲ್ಲೇ ನಿಂತರು.

"ಏನಾಯ್ತು? ಇವತ್ತ ಜುಮ್ಮಾ ಅಲ್ಲೇನು? ಸಾಲಿ ಖುಲ್ಲಾ ಇತ್ತೇನು?"

ಮಾವ ಹುಟ್ಟಿದಾಗಿನಿಂದ ನಿಜಾಮರ ರಾಜ್ಯದಲ್ಲಿ ಶುಕ್ರವಾರವೇ ರಜೆ. ಕಚೇರಿ, ಸಾಲೆ ಎಲ್ಲಕ್ಕೂ ಅದೇ. ಪೊಲೀಸ್ ಆ್ಯಕ್ಷನ್ ಆದ ಮೇಲೆ ರಜೆ ರವಿವಾರಕ್ಕೆ ಹೋಗಿತ್ತು. ಊರಿನವರಿಗೆ ಅದು ರೂಢಿಯಾಗಿತ್ತು. ಸಂತಪುರದ ಕುರಿಗಳಿಗೆ ಯಾರು ಹೇಳಬೇಕು, ಮಾವನಿಗೆ ಯಾರು ಹೇಳಬೇಕು? ಅತ್ತೆಗೂ ಗೊತ್ತಿರಲಿಲ್ಲ. ನಾನು ದಿನದ ಹಾಗೆ ಹೊರಟದ್ದನ್ನು ಕಂಡು, ಏನೋ ಕೆಲಸವಿದ್ದೀತು, ಬೇಗ ಬಂದಾಳು ಎಂದುಕೊಂಡಿದ್ದರು.

ಮಾವ ಕೂಸನ್ನು ಎತ್ತಿಕೊಂಡರು. ಅದು ಅವರನ್ನು ನೋಡಿ ಅಳಲು ಬಾಯಿ ತೆರೆಯಿತು, ದನಿ ಬರಲಿಲ್ಲ. ಅಷ್ಟು ದೊಡ್ಡ ಆಳು, ಕೂಸನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟರು.

ಈಗ ಸೋದರತ್ತೆ ಅವರನ್ನು ಹರಿದು ತಿನ್ನುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ತಮ್ಮನ ಪಕ್ಕದಲ್ಲಿ ಕೂತು, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ ಹೇಳಿದರು. "ಔರಾದದಾಗ ನನ್ನ ಮನಿ ಇದಕಿಂತ ದೊಡ್ಡದಿತ್ತು ತಮ್ಮಾ. ಅಪ್ಪ ಮನಿ ನೋಡೇ ಕೊಟ್ಟಿದ್ದ. ಭಾವಿ ಎಷ್ಟು ದೂರ ಅದ ಅಂತ ಯಾರೂ ಕೇಳಿರ್ಲಿಲ್ಲ. ಬಸುರಿ ಇದ್ದಾಗ ಆ ಹಾದೀ ಮ್ಯಾಲೇ ಕೊಡಾ ಇಳಸಿ ಕುಂತೆ, ಕೂಸು ಉಳಿಲಿಲ್ಲ. ಎರಡ್ನೇದೂ ಹಂಗೇ ಹೋಯ್ತು."

ಮಾವನಿಗೆ ಅದು ಗೊತ್ತೇ ಇರಲಿಲ್ಲ. ನಮಗಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೆ ಮಕ್ಕಳಿಲ್ಲ ಎಂದಷ್ಟೇ ಅಂದುಕೊಂಡಿದ್ದವರು ನಾವು. ದೀಪ ಹಚ್ಚಬೇಕೆಂಬುದೂ ಯಾರಿಗೂ ನೆನಪಾಗಲಿಲ್ಲ.

ಬೆಳಗಾದ ಮೇಲೆ ಮಾವ ತಾವೇ ಕೀಲಿಕೈ ತೆಗೆದುಕೊಂಡು ಮುನೀಮನ ಮನೆಗೆ ಹೊರಟರು. ಹೋಗುವ ಮುಂಚೆ ನನ್ನ ಎದುರಿಗೆ ನಿಂತು ಹೇಳಿದರು. "ನಾ ಇದ್ದರ ಈ ಹಾದಿ ಹತ್ರ. ನಾ ಇಲ್ಲದ ದಿನ ಔರಾದಕಿಂತ ದೂರ. ನೀ ಸಾಲಿ ಬಿಡಬ್ಯಾಡ ಯವ್ವಾ. ನಾವು ಮನೀನೇ ಬಿಡೋಣ." ಎದೆಯ ಮುಳ್ಳು ಅಂದು ಕಿತ್ತುಹೋಯಿತು. ನಾನು ಅವರ ಕಾಲು ಮುಟ್ಟಿದೆ.

ಸಾಲೆಯ ಹಿಂದಿನ ಓಣಿಯಲ್ಲಿ ಸೋದರತ್ತೆ ಎರಡು ಖೋಲಿಯ ಮನೆ ಹುಡುಕಿಕೊಟ್ಟರು. ಗಿಡ್ಡ ಮಾಳಿಗೆ, ಅಂಗಳವೆಂದರೆ ಒಂದು ಚಾಪೆ ಹಾಸುವಷ್ಟು. ಕುರಿಗಳು ಸಂತಪುರದಲ್ಲೇ ಉಳಿದವು. ಬಿಡುವಿನ ಗಂಟೆ ಕೇಳಿ ನಾನು ಎದ್ದರೆ, ಹಾಲು ಕೊಟ್ಟು, ಒಂದು ಲೋಟ ಮಜ್ಜಿಗೆ ಕುಡಿದು, ಮುಂದಿನ ಗಂಟೆಗೆ ವರ್ಗದಲ್ಲಿರುತ್ತಿದ್ದೆ. ಈಗ ಸ್ಟೇಷನ್ನು ತನಗೆ ದೂರವಾಯಿತೆಂದು ನನ್ನ ಗಂಡ ಸೋದರತ್ತೆಯ ಮುಂದೆ ಗೊಣಗಿದ. "ನಿನ್ನ ಎದಿಯಾಗೇನು ಹಾಲದನೋ? ನಡಿ ಸುಮ್ಮ" ಎಂದರು. ಓಣಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ. ಹೋಳಿಗೆ ಊಟದ ದಿನ ನಾನು ಎಲ್ಲರೆದುರು ಎದ್ದು ನಿಂತು ಅವರನ್ನು ಹೊಗಳಿದೆ. ಅವರಿಗೆ ಸಾಲಲಿಲ್ಲ, ಉಳಿದದ್ದನ್ನು ತಾವೇ ಹೇಳಿಕೊಂಡರು.

ಆಮೇಲೆ ಹೈದರಾಬಾದು ರಾಜ್ಯ ಒಡೆದು ನಾವು ಮೈಸೂರಿನ ಪಾಲಾದೆವು. ನಾನು ಅದೇ ಸಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದೆ. ಸೋದರತ್ತೆಗೆ ವಯಸ್ಸಾಯಿತು. ಒಂದು ದಿನ ನೋಡಿದರೆ, ಇದ್ದ ಮನೆ ಬಿಟ್ಟು ಊರಂಚಿನ ಒಂದು ಖೋಲಿಗೆ ಸಾಮಾನು ಸಾಗಿಸುತ್ತಿದ್ದಾರೆ. ಸ್ಮಶಾನ ಅಲ್ಲಿಂದ ಕೂಗಳತೆ. ನನಗೆ ಸಿಟ್ಟು ಬಂತು, ಇದೇನು ಹುಚ್ಚು, ನಮ್ಮ ಮನೆಗೆ ಬನ್ನಿ ಎಂದು ಜಗಳಾಡಿದೆ. ಅವರು ಪಾತ್ರೆ ಜೋಡಿಸುತ್ತಲೇ ಉತ್ತರ ಕೊಟ್ಟರು. "ಇನ್ನ ನನಗ ಹೋಗೋದು ಒಂದೇ ಜಾಗಾ ಉಳದದ. ಹೊರವ್ರು ನಾಕು ಮಂದಿ ಯವ್ವಾ, ಅವರಿಗೂ ಹೊಳ್ಳಿ ಮನಿಗಿ ಹೋಗೋ ಹಾದಿ ಇರ್ತದ." ಹೇಳಿ ನಕ್ಕರು. ನಾನು ನಗಲಾರದೆ, ಅಳಲಾರದೆ ಅವರ ಜೊತೆ ಪಾತ್ರೆ ಜೋಡಿಸಿದೆ.

ಅವರು ತೀರಿಕೊಂಡ ದಿನ ಮಾವ ಸಂತಪುರದಿಂದ ಬಂದರು. ಅವರೂ ಕೋಲು ಹಿಡಿದಿದ್ದರು. ನಮ್ಮಲ್ಲಿ ಹೆಂಗಸರೂ ಮಣ್ಣಿಗೆ ಹೋಗುತ್ತಾರೆ, ನಾನೂ ನನ್ನ ಮಗಳೂ ಹಿಂದಿದ್ದೆವು. ಹೊತ್ತವರು ಸ್ಮಶಾನದ ಕಡೆ ತಿರುಗಿದಾಗ ಮಾವ ಕೋಲು ಅಡ್ಡ ಹಿಡಿದರು.

"ಹಂಗ ಬ್ಯಾಡ. ಊರಾಗಿಂದ ನಡೀರಿ."

"ಸ್ಮಶಾನ ಇಲ್ಲೇ ಅದಲ್ರಿ" ಎಂದ ಒಬ್ಬ.

"ಅದು ಅಕ್ಕನ ಲೆಕ್ಕ. ಇವತ್ತ ನನ್ನ ಮಾತು ಕೇಳ್ರಿ."

ತಿರುಗಿದೆವು. ಕೋಟೆಯ ಓಣಿ, ಚೌಬಾರ, ಬಜಾರು, ನಮ್ಮ ಸಾಲೆಯ ಹಿಂದು, ಎಲ್ಲ ಹಾದೆವು. ಹೆಣ ಹೋಗುವಾಗ ಬಾಗಿಲು ಮುಂದೆ ಮಾಡಿಕೊಳ್ಳುವುದು ನಮ್ಮ ಕಡೆಯ ರೂಢಿ. ಅಂದು ಅವರು ಕೊಡಿಸಿದ ಮನೆಗಳಲ್ಲಿ ಒಂದೂ ಬಾಗಿಲು ಮುಚ್ಚಲಿಲ್ಲ. ಹೊಸ್ತಿಲಿಗೆ ಬಂದು ನಿಂತವರು ಕೈ ಮುಗಿದು, ಹಾಗೆಯೇ ಇಳಿದು ನಮ್ಮ ಜೊತೆ ನಡೆದರು. ಕೊಡೆಯ ಗುಮಾಸ್ತ ಬಂದ. ದರ್ಜಿ ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಇಟ್ಟುಕೊಂಡು ಓಡಿ ಬಂದು ಹೆಗಲು ಕೊಟ್ಟ. ಸ್ಮಶಾನ ಮುಟ್ಟುವಾಗ ಹಾದಿಯ ತುಂಬ ಮಂದಿ. ಜೀವನದಲ್ಲಿ ಅವರ ಮಾತು ನಾವು ಮೀರಿದ್ದು ಅದೊಂದು ಸಲ, ಅದಕ್ಕಾಗಿ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಈಗ ನನ್ನ ಅಣ್ಣನ ಮೊಮ್ಮಗ ಬೀದರಿನ ಹೊರಗಿನ ಕೊಳಾರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮನೆ ಹುಡುಕುತ್ತಿದ್ದಾನೆ. ಫೋಟೋ ತೋರಿಸಿ, ಇದು ಚಂದ ಅದ, ಇದು ಸಸ್ತಾ ಅದ ಎನ್ನುತ್ತಾನೆ. ಪಾಳಿ ಬಿಡುವ ಹೊತ್ತಿಗೆ ಅಲ್ಲಿಂದ ಬಸ್ಸಿದೆಯೇ, ಗಾಡಿ ಕೆಟ್ಟ ದಿನ ಏನು ಮಾಡುತ್ತಿ, ಹೆಂಡತಿ ಎಲ್ಲಿಗೆ ಹೋಗಬೇಕು ಎಂದು ನಾನು ಕೇಳಿದರೆ, "ಆಯಿ, ನೀ ಭಾಳ ಕೇಳ್ತಿ" ಎನ್ನುತ್ತಾನೆ. ಆದರೂ ನಿನ್ನೆ ಹೋಗಿ ಹಾದಿ ನೋಡಿಕೊಂಡು ಬಂದ. ಬಂದವನು ಒಂದು ಮನೆ ಬೇಡವೆಂದ. ಯಾಕೆಂದು ನಾನು ಕೇಳಲಿಲ್ಲ.

ನಾನು ಅದೇ ಎರಡು ಖೋಲಿಯಲ್ಲಿದ್ದೇನೆ. ಮಗಳು ಹತ್ತಿರದ ಓಣಿಯಲ್ಲೇ ಇದ್ದಾಳೆ, ಸಂಜೆಗೊಮ್ಮೆ ಬಂದು ಹೋಗುತ್ತಾಳೆ. ಸಾಲೆ, ಬಜಾರು, ದವಾಖಾನೆ, ಬಸ್ಸು, ಅವರು ಹುಡುಕಿಕೊಟ್ಟ ಈ ಮನೆಯಿಂದ ಎಲ್ಲವೂ ಹತ್ತಿರ. ಅವರೊಬ್ಬರೇ ದೂರ ಹೋಗಿದ್ದಾರೆ.